ಅಭಿಮಾನಿಯ ಪ್ರಯಾಣ, ಸಣ್ಣ ಊರಿನ ವ್ಯಾಪಾರ

ವ್ಯಾಪಾರದಲ್ಲಿ ಎರಡು ಬಗೆಯ ಗಿರಾಕಿಗಳುಂಟು. ವರ್ತಕನ ಸರಕನ್ನೇ ಹುಡುಕಿಕೊಂಡು ಬರುವವರು ಒಂದು ಬಗೆ. ಬೇರೊಂದು ಆಕರ್ಷಣೆಯ ಬೆನ್ನುಹತ್ತಿ ಬಂದು, ಬಂದ ಊರಿನಲ್ಲಿ ಊಟ, ವಸತಿ, ಸರಕುಗಳಿಗೆ ಹಣ ವೆಚ್ಚಮಾಡುವವರು ಇನ್ನೊಂದು ಬಗೆ. ಜಾತ್ರೆಯ ಬಳೆಗಾರ, ಯಾತ್ರಾಸ್ಥಳದ ಲಾಡ್ಜ್ ಮಾಲೀಕ, ಕಾಲೇಜಿನ ಎದುರಿನ ಖಾನಾವಳಿಯ ಯಜಮಾನ - ಇವರೆಲ್ಲ ಎರಡನೆಯ ಬಗೆಯ ಗಿರಾಕಿಯನ್ನು ನಂಬಿ ಬದುಕುವವರು. ಆ ಗಿರಾಕಿಯನ್ನು ಕರೆತರುವ ಶಕ್ತಿ ಇವರ ಕೈಯಲ್ಲಿಲ್ಲ. ತೇರಿನ ದಿನವನ್ನು ಬೇರೆ ಯಾರೋ ಬದಲಿಸಿದರೆ ಅಂಗಡಿ ಹೂಡಿದವನ ಗತಿಯೇನು ಎಂಬ ಪ್ರಶ್ನೆ ಇಂತಹ ವ್ಯಾಪಾರದ ಬೆನ್ನಿಗೆ ಸದಾ ಅಂಟಿಕೊಂಡಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿ 2022ರಿಂದೀಚೆಗೆ ನಡೆದಿರುವ ಬೆಳವಣಿಗೆಗಳು ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಡುತ್ತವೆ. ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಅದನ್ನು ಗಮನಿಸುವುದು ಉಚಿತ.

ಊರು ಮತ್ತು ದಾರಿ

ಪುಲ್‌ಮನ್ ಇರುವುದು ರಾಜ್ಯದ ಪೂರ್ವದ ಅಂಚಿನಲ್ಲಿ, ಪಲೂಸ್ ಎಂದು ಕರೆಯಲಾಗುವ ಗುಡ್ಡಗಾಡಿನ ಗೋಧಿ ಸೀಮೆಯಲ್ಲಿ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 33,000. 1890ರಲ್ಲಿ ಸ್ಥಾಪನೆಗೊಂಡ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯವೇ ಊರಿನ ಜೀವಾಳ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಮಾರ್ಟಿನ್ ಕ್ರೀಡಾಂಗಣದ ಆಸನಗಳ ಸಂಖ್ಯೆಯೂ ಹೆಚ್ಚುಕಡಿಮೆ ಊರಿನ ಜನಸಂಖ್ಯೆಯಷ್ಟೇ ಇರುವುದು ಗಮನಾರ್ಹ. ಎಂದರೆ, ಕ್ರೀಡಾಂಗಣ ತುಂಬಬೇಕಾದರೆ ಹೊರಊರಿನ ಜನ ಬರಲೇಬೇಕು.

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಆ ದೇಶದ್ದೇ ಆದ ಆಟ. ಕಾಲೇಜು ತಂಡಗಳ ಪಂದ್ಯಗಳಿಗೆ ಅಲ್ಲಿ ವೃತ್ತಿಪರ ತಂಡಗಳಷ್ಟೇ ನಿಷ್ಠೆಯ ಅನುಯಾಯಿಗಳಿದ್ದಾರೆ. ಋತುವಿನಲ್ಲಿ ಒಂದು ತಂಡ ಆಡುವುದು ಸಾಮಾನ್ಯವಾಗಿ 12 ಪಂದ್ಯಗಳು. ತವರು ಮೈದಾನದಲ್ಲಿ ನಡೆಯುವುದು ಆರೋ ಏಳೋ. ವರ್ಷದ ಈ ಆರೇಳು ಶನಿವಾರಗಳೇ ಇಂತಹ ಊರುಗಳ ವರ್ತಕರ ಪಾಲಿನ ಸುಗ್ಗಿ.

ಪುಲ್‌ಮನ್‌ನ ತಂಡಕ್ಕೆ ಕೂಗರ್ಸ್ ಎಂದು ಹೆಸರು. ಅದರ ಅಭಿಮಾನಿಗಳಲ್ಲಿ ಅನೇಕರು ಇಲ್ಲಿ ಓದಿ, ಉದ್ಯೋಗಕ್ಕಾಗಿ ಪಶ್ಚಿಮ ತೀರದ ಸಿಯಾಟಲ್ ನಗರದ ಕಡೆ ನೆಲೆಸಿದವರು. ಅಲ್ಲಿಂದ ಪುಲ್‌ಮನ್‌ಗೆ ಸುಮಾರು 460 ಕಿ.ಮೀ.; ಕಾರಿನಲ್ಲಿ ಐದು ಗಂಟೆಗಳ ಹಾದಿ. ಶುಕ್ರವಾರ ಹೊರಟ ಅಭಿಮಾನಿಯ ವಾಹನ ಸ್ನೋಕ್ವಾಲ್ಮಿ ಕಣಿವೆದಾರಿಯನ್ನು ಏರಿ ಇಳಿದು, ವ್ಯಾಂಟೇಜ್ ಬಳಿ ಕೊಲಂಬಿಯಾ ನದಿಯನ್ನು ದಾಟಿ, ರಾಜ್ಯ ಹೆದ್ದಾರಿ 26ನ್ನು ಹಿಡಿಯುತ್ತದೆ. ಒಥೆಲೋ, ವಾಶ್‌ಟಕ್ನಾ ಮೊದಲಾದ ಸಣ್ಣ ಊರುಗಳನ್ನು ಹಾದು, ಕಾಲ್‌ಫ್ಯಾಕ್ಸ್‌ನಲ್ಲಿ ತಿರುಗಿ ಪುಲ್‌ಮನ್ ಸೇರುತ್ತದೆ. ನವೆಂಬರ್‌ನಲ್ಲಿ ಕಣಿವೆದಾರಿಯ ಮೇಲೆ ಹಿಮ ಬೀಳುವುದುಂಟು. ಆದರೂ ತಲೆಮಾರುಗಳಿಂದ ಈ ಪ್ರಯಾಣ ನಿಂತಿಲ್ಲ. ತಂದೆ ಓದಿದ ಕಾಲೇಜನ್ನು ಮಕ್ಕಳಿಗೆ ತೋರಿಸಲು, ಹಳೆಯ ಸಹಪಾಠಿಗಳೊಡನೆ ಒಂದು ದಿನ ಕಳೆಯಲು, ಗೆಲುವು ಖಚಿತವಿಲ್ಲದ ತಂಡಕ್ಕೆ ಜಯಕಾರ ಹಾಕಲು ಜನ ಈ ದಾರಿಯನ್ನು ಸವೆಸುತ್ತಾರೆ.

ಈ ಸೀಮೆ ಕನ್ನಡ ನಾಡಿನ ವರ್ತಕರಿಗೆ ತೀರಾ ಅಪರಿಚಿತವಲ್ಲ. ಕರ್ನಾಟಕದ ಹಣ್ಣಿನಂಗಡಿಗಳಲ್ಲಿ ವಾಷಿಂಗ್ಟನ್ ಸೇಬು ಎಂಬ ಹೆಸರಿನಲ್ಲಿ ಮಾರಾಟವಾಗುವ ಹಣ್ಣು ಇದೇ ರಾಜ್ಯದ್ದು. ಪಲೂಸ್ ಸೀಮೆಯ ಚನ್ನಂಗಿ ಬೇಳೆ ಮತ್ತು ಕಡಲೆಗೆ ಭಾರತ ಬಹುಕಾಲದ ಮಾರುಕಟ್ಟೆ. ಅಭಿಮಾನಿಯ ಕಾರು ಸಾಗುವುದು ಈ ಬೆಳೆಗಳ ನಡುವೆಯೇ.

ಒಂದು ಪ್ರಯಾಣದ ಲೆಕ್ಕ

ಪಂದ್ಯದ ಟಿಕೆಟ್ಟಿನ ಹಣ ಹೋಗುವುದು ವಿಶ್ವವಿದ್ಯಾಲಯಕ್ಕೆ. ಆದರೆ ಪ್ರಯಾಣದ ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. ದಾರಿಯ ಪೆಟ್ರೋಲ್ ಬಂಕು, ಕಾಫಿ ಅಂಗಡಿ, ಒಂದೆರಡು ರಾತ್ರಿಯ ಲಾಡ್ಜು, ಶುಕ್ರವಾರ ರಾತ್ರಿಯ ಊಟ, ಶನಿವಾರ ವಾಹನ ನಿಲುಗಡೆಯಲ್ಲಿ ಒಲೆ ಹೂಡಿ ಗೆಳೆಯರಿಗೆ ಬಡಿಸಲು ಬೇಕಾದ ಮಾಂಸ, ಬ್ರೆಡ್ಡು, ಪಾನೀಯ, ತಂಡದ ಕಡುಗೆಂಪು ಬಣ್ಣದ ಅಂಗಿ, ಟೋಪಿ - ಇವೆಲ್ಲವೂ ಬೇರೆ ಬೇರೆ ವರ್ತಕರ ಗಲ್ಲಾಪೆಟ್ಟಿಗೆಗೆ ಹಂಚಿಹೋಗುವ ಹಣ. ಎಂಟು ಮೈಲಿ ಆಚೆ, ಇದಾಹೋ ರಾಜ್ಯದ ಮಾಸ್ಕೋ ಎಂಬ ಊರಿನ ಲಾಡ್ಜುಗಳಿಗೂ ಇದರಲ್ಲಿ ಪಾಲುಂಟು.

ಹಿಂತಿರುಗುವಾಗ ಅಭಿಮಾನಿ ಕೊಂಡೊಯ್ಯುವ ಒಂದು ಸರಕು ಸಣ್ಣ ತಯಾರಕರ ವಿಶೇಷ ಗಮನಕ್ಕೆ ಅರ್ಹವಾಗಿದೆ. ವಿಶ್ವವಿದ್ಯಾಲಯದ ಹೈನು ಘಟಕವು ಕೂಗರ್ ಗೋಲ್ಡ್ ಎಂಬ ಗಿಣ್ಣನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಮಾರುತ್ತದೆ. 1930 ಮತ್ತು 40ರ ದಶಕಗಳಲ್ಲಿ, ಗಿಣ್ಣನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ಬಗೆಯನ್ನು ಕುರಿತು ಅಮೆರಿಕ ಸರ್ಕಾರದ ಮತ್ತು ಡಬ್ಬಿ ತಯಾರಿಸುವ ಅಮೆರಿಕನ್ ಕ್ಯಾನ್ ಕಂಪನಿಯ ನೆರವಿನಿಂದ ನಡೆದ ಸಂಶೋಧನೆಯ ಫಲವಿದು. ಸಂಶೋಧಕ ಎನ್.ಎಸ್. ಗೋಲ್ಡಿಂಗ್ ಅವರ ಹೆಸರೂ ಅದರಲ್ಲಿ ಸೇರಿಕೊಂಡಿದೆ. ಕನಿಷ್ಠ ಒಂದು ವರ್ಷ ಹದಗೊಳಿಸಿ ಮಾರುವ, 30 ಔನ್ಸಿನ, ಎಂದರೆ ಸುಮಾರು 850 ಗ್ರಾಂ ತೂಕದ ಈ ಡಬ್ಬಿ ಇಂದು ಅಂಚೆಯ ಮೂಲಕವೂ ದೊರೆಯುತ್ತದೆ. ಪಂದ್ಯದ ದಿನ ಕೊಂಡವನು ಮುಂದೆ ಮನೆಯಲ್ಲಿ ಕುಳಿತೂ ತರಿಸಿಕೊಳ್ಳಬಹುದು. ಪ್ರಯಾಣ ತಪ್ಪಿದರೂ ಗಿರಾಕಿ ತಪ್ಪದಂತೆ ಉಳಿಸಿಕೊಳ್ಳುವ ಸರಕು ಇದು. ಊರಿನ ಎಲ್ಲ ವ್ಯಾಪಾರಕ್ಕೂ ಈ ಅನುಕೂಲವಿಲ್ಲ. ಖಾಲಿ ಉಳಿದ ಲಾಡ್ಜಿನ ಕೋಣೆಯನ್ನು ಅಂಚೆಯಲ್ಲಿ ಕಳುಹಿಸಲಾಗದು.

ಈ ಅಭಿಮಾನದ ಆಳವನ್ನು ಅರಿಯಲು ಒಂದು ಧ್ವಜದ ಕಥೆ ಸಾಕು. ಪ್ರತಿ ಶನಿವಾರ ಬೆಳಗ್ಗೆ ಇಎಸ್‌ಪಿಎನ್ ವಾಹಿನಿಯ ಕಾಲೇಜ್ ಗೇಮ್‌ಡೇ ಎಂಬ ಕಾರ್ಯಕ್ರಮ ದೇಶದ ಒಂದಲ್ಲ ಒಂದು ಕಾಲೇಜು ಆವರಣದಿಂದ ಪ್ರಸಾರವಾಗುತ್ತದೆ. 2003ರ ಅಕ್ಟೋಬರ್‌ನಲ್ಲಿ ಅದು ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿದ್ದಾಗ, ನ್ಯೂಮೆಕ್ಸಿಕೋ ರಾಜ್ಯದಲ್ಲಿ ನೆಲೆಸಿದ್ದ ಪುಲ್‌ಮನ್‌ನ ಹಳೆಯ ವಿದ್ಯಾರ್ಥಿಯೊಬ್ಬರು ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ, ಕ್ಯಾಮೆರಾದ ಹಿನ್ನೆಲೆಯಲ್ಲಿ ತಮ್ಮ ಕಾಲೇಜಿನ ಕಡುಗೆಂಪು ಧ್ವಜವನ್ನು ಬೀಸಿದರು. ಅಂದು ಕೂಗರ್ಸ್ ತಂಡದ ಪಂದ್ಯ ಅಲ್ಲಿ ಇರಲಿಲ್ಲ. ಕಾರ್ಯಕ್ರಮವನ್ನು ಪುಲ್‌ಮನ್‌ಗೆ ಕರೆತರಬೇಕೆಂಬುದೇ ಉದ್ದೇಶ. ಅಂದಿನಿಂದ ಆ ಧ್ವಜ ಒಬ್ಬ ಅಭಿಮಾನಿಯಿಂದ ಇನ್ನೊಬ್ಬರ ಕೈಗೆ ಸಾಗುತ್ತ, ಒಂದು ವಾರವೂ ತಪ್ಪದೆ 300ಕ್ಕೂ ಹೆಚ್ಚು ಪ್ರಸಾರಗಳಲ್ಲಿ ಕಾಣಿಸಿಕೊಂಡಿದೆ. ಕಾರ್ಯಕ್ರಮ ಕೊನೆಗೂ ಪುಲ್‌ಮನ್‌ಗೆ ಬಂದದ್ದು 2018ರ ಅಕ್ಟೋಬರ್ 20ರಂದು, ಹದಿನೈದು ವರ್ಷಗಳ ಬಳಿಕ. ಅಂದು ಆರೆಗಾನ್ ತಂಡವನ್ನು ಕೂಗರ್ಸ್ 34-20ರಿಂದ ಸೋಲಿಸಿತು. ಯಾವ ಜಾಹೀರಾತು ಸಂಸ್ಥೆಯೂ ಹಣಕ್ಕೆ ಒದಗಿಸಲಾಗದ ಪ್ರಚಾರವನ್ನು ಅಭಿಮಾನಿಗಳು ಊರಿಗೆ ಪುಕ್ಕಟೆಯಾಗಿ ಒದಗಿಸಿದರು.

ದೂರದ ಕೋಣೆಯ ತೀರ್ಮಾನಗಳು

ಇಂತಹ ನಿಷ್ಠೆ ಬಂಡವಾಳವೇ ಸರಿ. ಆದರೆ ಅದರ ಮೇಲಿನ ಅಧಿಕಾರ ಪುಲ್‌ಮನ್‌ನ ಕೈಯಲ್ಲಿ ಉಳಿಯಲಿಲ್ಲ. ಪಶ್ಚಿಮ ತೀರದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟದ ಮೂಲ 1915ರಷ್ಟು ಹಳೆಯದು. ಕೊನೆಯ ವರ್ಷಗಳಲ್ಲಿ ಅದಕ್ಕೆ ಪ್ಯಾಕ್-12 ಎಂದು ಹೆಸರು. 2011ರಲ್ಲಿ ಈ ಒಕ್ಕೂಟವು ಇಎಸ್‌ಪಿಎನ್ ಮತ್ತು ಫಾಕ್ಸ್ ವಾಹಿನಿಗಳೊಡನೆ 12 ವರ್ಷಗಳಿಗೆ ಸುಮಾರು 300 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಹಣ ಬಂದಿತು, ಜೊತೆಗೆ ಪಂದ್ಯದ ವೇಳೆಯನ್ನು ನಿಗದಿಪಡಿಸುವ ಅಧಿಕಾರ ವಾಹಿನಿಗಳಿಗೆ ಹೋಯಿತು. ಅನೇಕ ಪಂದ್ಯಗಳ ಆರಂಭದ ವೇಳೆ ಪ್ರಕಟವಾಗುತ್ತಿದ್ದುದು ಕೇವಲ 12 ದಿನ, ಕೆಲವೊಮ್ಮೆ ಆರೇ ದಿನ ಮುಂಚೆ. ರಾತ್ರಿ ಏಳೂವರೆಗೆ ಆರಂಭವಾದ ಪಂದ್ಯ ಮುಗಿಯುವಾಗ ಹನ್ನೊಂದು ಗಂಟೆ. ಆಮೇಲೆ ಐದು ಗಂಟೆಗಳ ಕಾರು ಪ್ರಯಾಣ ಯಾರಿಗೆ ಸಾಧ್ಯ? ಮಕ್ಕಳೊಂದಿಗೆ ಬರುವ ಕುಟುಂಬವು ಮನೆಯ ಟಿ.ವಿ. ಮುಂದೆಯೇ ಕುಳಿತರೆ ತಪ್ಪೆನ್ನಲಾಗದು. ಆರು ದಿನ ಮುಂಚೆ ವೇಳೆ ತಿಳಿದರೆ ಹೋಟೆಲಿನವನು ದಾಸ್ತಾನನ್ನೂ ಕೂಲಿಯಾಳುಗಳನ್ನೂ ಹೊಂದಿಸುವುದು ಹೇಗೆ?

ಮುಂದಿನದು ಇದಕ್ಕಿಂತ ದೊಡ್ಡ ಪೆಟ್ಟು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ಬಿಗ್ ಟೆನ್ ಎಂಬ ಶ್ರೀಮಂತ ಒಕ್ಕೂಟಕ್ಕೆ ಹೋಗುವುದಾಗಿ ಪ್ರಕಟಿಸಿದವು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಏಳು ವರ್ಷಗಳಿಗೆ 700 ಕೋಟಿ ಡಾಲರ್‌ಗೂ ಮಿಕ್ಕ ಪ್ರಸಾರ ಒಪ್ಪಂದವನ್ನು ಘೋಷಿಸಿತು. 2023ರ ಆಗಸ್ಟ್ 4ರಂದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಆರೆಗಾನ್ ವಿಶ್ವವಿದ್ಯಾಲಯವೂ ಅದೇ ದಾರಿ ಹಿಡಿದವು. 2024ರ ಆಗಸ್ಟ್ ವೇಳೆಗೆ 12 ಸದಸ್ಯರಲ್ಲಿ 10 ಮಂದಿ ಹೊರನಡೆದರು. ಉಳಿದದ್ದು ಎರಡೇ: ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್ ಎಂಬ ಇನ್ನೊಂದು ಸಣ್ಣ ಊರಿನ ಆರೆಗಾನ್ ಸ್ಟೇಟ್. ಟಿ.ವಿ. ಮಾರುಕಟ್ಟೆಯ ತಕ್ಕಡಿಯಲ್ಲಿ ತೂಗಿದಾಗ ಸಣ್ಣ ಊರುಗಳು ಹಗುರವೆನಿಸಿದವು. ಅಭಿಮಾನಿ ಎಷ್ಟು ದೂರದಿಂದ ಬರುತ್ತಾನೆ ಎಂಬುದಕ್ಕೆ ಆ ತಕ್ಕಡಿಯಲ್ಲಿ ಕಲ್ಲೇ ಇರಲಿಲ್ಲ.

ಇದರ ನೇರ ಪರಿಣಾಮ ಕಂಡದ್ದು ಆಪಲ್ ಕಪ್‌ನಲ್ಲಿ. ಸಿಯಾಟಲ್ ಮತ್ತು ಪುಲ್‌ಮನ್ ತಂಡಗಳ ಪೈಪೋಟಿ 1900ರಲ್ಲಿ ಆರಂಭವಾದುದು. 1962ರಿಂದ ರಾಜ್ಯದ ಸೇಬಿನ ಹೆಸರನ್ನು ಹೊತ್ತಿದೆ. ನವೆಂಬರ್ ಕೊನೆಯಲ್ಲಿ, ಕೃತಜ್ಞತಾ ಹಬ್ಬದ ರಜೆಯ ವಾರದಲ್ಲಿ ನಡೆಯುತ್ತಿದ್ದ ಈ ಪಂದ್ಯ ವರ್ಷ ಬಿಟ್ಟು ವರ್ಷ ಪುಲ್‌ಮನ್‌ಗೆ ಬರುತ್ತಿತ್ತು. 2022ರಲ್ಲಿ ಬಂದಿತ್ತು; ಹಳೆಯ ಸರದಿಯಂತೆ 2024ರದೂ ಅಲ್ಲಿಯೇ ನಡೆಯಬೇಕಿತ್ತು. ಒಕ್ಕೂಟ ಒಡೆದ ಬಳಿಕ ಮಾಡಿಕೊಂಡ ಹೊಸ ಒಪ್ಪಂದದಂತೆ ಅದು ಸೆಪ್ಟೆಂಬರ್‌ಗೆ ಸರಿದು, ಸಿಯಾಟಲ್‌ನ ಲೂಮೆನ್ ಫೀಲ್ಡ್ ಮೈದಾನದಲ್ಲಿ ನಡೆಯಿತು. ಕೂಗರ್ಸ್ 24-19ರಿಂದ ಗೆದ್ದರು. ಅಭಿಮಾನಿಗಳಿಗೆ ಸಂತೋಷವಾಯಿತು, ಆದರೆ ಆ ಶನಿವಾರದ ಊಟ, ವಸತಿಗಳ ಹಣ 460 ಕಿ.ಮೀ. ದೂರದ ಮಹಾನಗರದಲ್ಲಿ ವೆಚ್ಚವಾಯಿತು. ಪಂದ್ಯ ಮತ್ತೆ ಪುಲ್‌ಮನ್‌ಗೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ನಿಷ್ಠೆ ಹಾಗೆಯೇ ಇದ್ದು, ಪ್ರಯಾಣದ ದಿಕ್ಕು ಮಾತ್ರ ಬದಲಾದರೆ ಸಣ್ಣ ಊರಿನ ವ್ಯಾಪಾರ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ನ್ಯಾಯಾಲಯದಲ್ಲಿ ನಡೆದುದೂ ಗಮನಾರ್ಹ. ಒಕ್ಕೂಟದ ಆಸ್ತಿ ಮತ್ತು ಆಡಳಿತದ ಮೇಲೆ ಹಕ್ಕು ಯಾರದು ಎಂಬ ವ್ಯಾಜ್ಯವನ್ನು ಉಳಿದ ಎರಡು ವಿಶ್ವವಿದ್ಯಾಲಯಗಳು ಹೂಡಿದ್ದು ಅಭಿಮಾನಿಗಳು ಹಾದುಹೋಗುವ ಕಾಲ್‌ಫ್ಯಾಕ್ಸ್ ಊರಿನ ನ್ಯಾಯಾಲಯದಲ್ಲಿ. 2023ರ ನವೆಂಬರ್‌ನಲ್ಲಿ ಆದೇಶ ಅವುಗಳ ಪರವಾಗಿ ಬಂದಿತು. ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಪುನರ್ ಪರಿಶೀಲಿಸಲು ನಿರಾಕರಿಸಿತು. ಅವುಗಳ ಕೈಯಲ್ಲಿ ಒಕ್ಕೂಟದ ನಿಬಂಧನೆಗಳ ಲಿಖಿತ ಆಧಾರವಿತ್ತು, ಆದ್ದರಿಂದ ಗೆದ್ದವು. ಲಾಡ್ಜಿನವನ ಕೈಯಲ್ಲಾಗಲಿ, ಖಾನಾವಳಿಯವನ ಕೈಯಲ್ಲಾಗಲಿ ಅಂತಹ ಕಾಗದವೇನೂ ಇರಲಿಲ್ಲ.

ಎದುರು ವಾದಗಳು

ಇದಕ್ಕೆ ಎದುರಾಗಿ ಮೂರು ಮಾತುಗಳನ್ನು ಹೇಳಬಹುದು. ಮೊದಲನೆಯದು, ಪ್ರಸಾರದ ಹಣವಿಲ್ಲದೆ ಇಂದು ದೊಡ್ಡ ತಂಡಗಳನ್ನು ನಡೆಸಲಾಗದು ಎಂಬುದು. ನಿಜ, ಪ್ಯಾಕ್-12 ತನ್ನ ಕೊನೆಯ ವರ್ಷಗಳಲ್ಲಿ ಪ್ರತಿ ಸದಸ್ಯನಿಗೆ ವರ್ಷಕ್ಕೆ ಮೂರು ಕೋಟಿ ಡಾಲರ್‌ಗೂ ಹೆಚ್ಚು ಹಂಚುತ್ತಿತ್ತು. ಹೊರನಡೆದವರ ನಿರ್ಧಾರ ಅವರ ಲೆಕ್ಕಕ್ಕೆ ಸರಿಯೇ ಇರಬಹುದು. ಆದರೆ ಆ ಲೆಕ್ಕದಿಂದ ಊರಿನ ವರ್ತಕರ ಪಾಲನ್ನು ಪೂರ್ತಿಯಾಗಿ ಬಿಟ್ಟುದು ನ್ಯಾಯವಲ್ಲ. ಅಭಿಮಾನಿಗೂ ಇದು ಅನುಕೂಲವಲ್ಲ: ಸಿಯಾಟಲ್‌ನ ತಂಡ 2024ರಲ್ಲಿ ಒಕ್ಕೂಟದ ಪಂದ್ಯವಾಡಲು 4,000 ಕಿ.ಮೀ.ಗೂ ದೂರದ ನ್ಯೂಜೆರ್ಸಿಗೆ ಹೋಗಬೇಕಾಯಿತು. ಕಾರಿನಲ್ಲಿ ಹಿಂಬಾಲಿಸಬಹುದಾದ ದೂರ ಅದಲ್ಲ.

ಎರಡನೆಯದು, ಪುಲ್‌ಮನ್‌ಗೆ ಆಟವೊಂದೇ ಗತಿಯಲ್ಲ ಎಂಬುದು. ಇದೂ ನಿಜ. ವಿಶ್ವವಿದ್ಯಾಲಯದ ಸಂಬಳ, ವಿದ್ಯಾರ್ಥಿಗಳ ಖರ್ಚು ಊರಿನಲ್ಲೇ ಉಳಿಯುತ್ತದೆ. ಅಲ್ಲಿಯೇ ಓದಿ ಪಾಠವನ್ನೂ ಹೇಳಿದ ಎಡ್ಮಂಡ್ ಶ್ವೈಟ್ಜರ್ 1982ರಲ್ಲಿ ಸ್ಥಾಪಿಸಿದ, ವಿದ್ಯುತ್ ಜಾಲದ ರಕ್ಷಣೆಗೆ ಬೇಕಾದ ಡಿಜಿಟಲ್ ರಿಲೇಗಳನ್ನು ತಯಾರಿಸುವ ಉದ್ದಿಮೆ ಇಂದು ಊರಿನ ದೊಡ್ಡ ಆಸರೆ. ಆದರೆ ಕಾರ್ಖಾನೆಯ ಸಂಬಳ ವಾರಾಂತ್ಯದ ಲಾಡ್ಜಿನ ಕೋಣೆಯನ್ನು ತುಂಬುವುದಿಲ್ಲ.

ಮೂರನೆಯದು ವರ್ತಕರ ಮೇಲಿನ ಆಕ್ಷೇಪ: ಪಂದ್ಯದ ದಿನಗಳಲ್ಲಿ ಕೋಣೆಯ ಬಾಡಿಗೆಯನ್ನು ಹಲವು ಪಟ್ಟು ಏರಿಸಿ, ಒಂದು ರಾತ್ರಿ ತಂಗುವವನಿಂದಲೂ ಎರಡು ರಾತ್ರಿಯ ಹಣ ಪಡೆಯುವ ಪದ್ಧತಿ ಅಮೆರಿಕದ ಕಾಲೇಜು ಊರುಗಳಲ್ಲಿ ಸಾಮಾನ್ಯ. ಈ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ವರ್ಷದ ನಷ್ಟವನ್ನು ಆರು ದಿನಗಳಲ್ಲಿ ತುಂಬಿಕೊಳ್ಳಬೇಕಾದ ಒತ್ತಡ ಅರ್ಥವಾಗುವಂಥದೇ. ಆದರೆ ರಾತ್ರಿಯ ಪಂದ್ಯದಿಂದ ಅರ್ಧ ಮನಸ್ಸು ಕಳೆದುಕೊಂಡ ಅಭಿಮಾನಿಗೆ ದುಬಾರಿ ಬಾಡಿಗೆ ಇನ್ನರ್ಧವನ್ನೂ ಕಳೆಯುತ್ತದೆ. ವಾಹಿನಿಯವರು ಅಭಿಮಾನವನ್ನು ಹಿಂಡಿದರೆಂದು ದೂರುವ ವರ್ತಕ ತಾನೂ ಅದನ್ನೇ ಮಾಡಿದರೆ ಅವನ ದೂರಿಗೆ ಬೆಲೆಯಿಲ್ಲ.

ವರ್ತಕರು ಕಲಿಯಬೇಕಾದುದು

ದೂರದ ತೀರ್ಮಾನಕ್ಕೆ ಸಣ್ಣವರು ಬೆಲೆ ತೆರುವುದು ಆಟದ ಲೋಕಕ್ಕಷ್ಟೇ ಸೀಮಿತವಲ್ಲ. 2018ರಲ್ಲಿ ಅಮೆರಿಕ ಉಕ್ಕು ಮತ್ತು ಅಲ್ಯುಮಿನಿಯಂ ಆಮದಿನ ಮೇಲೆ ಸುಂಕ ಹೇರಿತು. ಭಾರತ ಪ್ರತಿಯಾಗಿ 2019ರ ಜೂನ್‌ನಲ್ಲಿ ಅಮೆರಿಕದ ಸೇಬು, ಚನ್ನಂಗಿ ಬೇಳೆ, ಕಡಲೆ ಮೊದಲಾದವುಗಳ ಮೇಲೆ ಹೆಚ್ಚುವರಿ ಸುಂಕ ವಿಧಿಸಿತು. ಅದು ತೆರವಾದದ್ದು 2023ರಲ್ಲಿ. ಉಕ್ಕಿನ ಜಗಳದಲ್ಲಿ ಪಲೂಸ್‌ನ ಬೇಳೆ ಬೆಳೆಗಾರನದಾಗಲಿ, ಭಾರತದ ಬೇಳೆ ಆಮದುಗಾರನದಾಗಲಿ ಯಾವ ತಪ್ಪೂ ಇರಲಿಲ್ಲ. ಆದರೂ ಅವರ ವಹಿವಾಟಿಗೆ ಪೆಟ್ಟು ಬಿದ್ದಿತು. ಆದ್ದರಿಂದ ಇನ್ನೊಬ್ಬರು ಕರೆತರುವ ಗಿರಾಕಿಯನ್ನು ನಂಬಿದ ಎಲ್ಲ ವರ್ತಕರಿಗೂ ಪುಲ್‌ಮನ್‌ನ ಅನುಭವದಲ್ಲಿ ಪಾಠವಿದೆ.

ಮೊದಲನೆಯದಾಗಿ, ಪ್ರಯಾಣಿಕನ ಲೆಕ್ಕವನ್ನು ವರ್ತಕರೇ ಇಡಬೇಕು. ಉತ್ಸವದ ದಿನ ಎಷ್ಟು ಕೋಣೆ ತುಂಬಿತು, ಎಷ್ಟು ಊಟ ಬಡಿಸಲಾಯಿತು, ಸಾಧಾರಣ ದಿನಕ್ಕಿಂತ ವಹಿವಾಟು ಎಷ್ಟು ಹೆಚ್ಚಿತು ಎಂಬುದು ಪ್ರತಿ ಅಂಗಡಿಯ ಪುಸ್ತಕದಲ್ಲಿ ಚದುರಿ ಬಿದ್ದಿರುತ್ತದೆ. ಅದನ್ನು ವರ್ಷವರ್ಷವೂ ಒಟ್ಟುಗೂಡಿಸುವ ಕೆಲಸ ವಾಣಿಜ್ಯ ಸಂಸ್ಥೆಯದು. ಅಂಕಿಯಿಲ್ಲದ ಅಹವಾಲನ್ನು ಯಾವ ಸಭೆಯೂ ಕಿವಿಗೊಟ್ಟು ಕೇಳುವುದಿಲ್ಲ.

ಎರಡನೆಯದಾಗಿ, ದಿನಾಂಕ, ವೇಳೆ, ಸ್ಥಳಗಳನ್ನು ನಿರ್ಧರಿಸುವ ಮೇಜಿನ ಬಳಿ ವರ್ತಕರ ಪ್ರತಿನಿಧಿಗೆ ಒಂದು ಕುರ್ಚಿ ಬೇಕು. ಕನಿಷ್ಠಪಕ್ಷ ಬದಲಾವಣೆಗೆ ಮುನ್ನ ಇಂತಿಷ್ಟು ದಿನಗಳ ಸೂಚನೆ ಕೊಡಬೇಕೆಂಬ ಲಿಖಿತ ಕರಾರು ಬೇಕು. ಕಾಲ್‌ಫ್ಯಾಕ್ಸ್‌ನ ಆದೇಶ ಸಾರುವುದೂ ಇದನ್ನೇ: ಬರೆದಿಟ್ಟ ಹಕ್ಕಿಗೆ ಮಾತ್ರ ಕಷ್ಟಕಾಲದಲ್ಲಿ ಬಲ.

ಮೂರನೆಯದಾಗಿ, ಊರು ತನ್ನದೇ ಆದ ಆಕರ್ಷಣೆಯನ್ನೂ ಕಟ್ಟಿಕೊಳ್ಳಬೇಕು. ಪುಲ್‌ಮನ್‌ನ ವಾಣಿಜ್ಯ ಸಂಸ್ಥೆ ನಡೆಸುವ ರಾಷ್ಟ್ರೀಯ ಬೇಳೆ ಉತ್ಸವ 1989ರಲ್ಲಿ ಆರಂಭವಾಯಿತು. ವಿದ್ಯಾರ್ಥಿಗಳು ಊರಿಗೆ ಮರಳುವ ಆಗಸ್ಟ್ ತಿಂಗಳಲ್ಲಿ, ಸೀಮೆಯ ಬೆಳೆಯನ್ನೇ ಮುಂದಿಟ್ಟುಕೊಂಡು ನಡೆಯುವ ಈ ಉತ್ಸವದ ದಿನಾಂಕವನ್ನು ಯಾವ ಟಿ.ವಿ. ವಾಹಿನಿಯೂ ಬದಲಿಸಲಾರದು. ಕೂಗರ್ ಗೋಲ್ಡ್‌ನಂತೆ ಮನೆಗೆ ಕೊಂಡೊಯ್ಯಬಹುದಾದ, ಮತ್ತೆ ತರಿಸಿಕೊಳ್ಳಬಹುದಾದ ಸರಕು ಇದ್ದರಂತೂ ಒಂದು ದಿನದ ಗಿರಾಕಿ ವರ್ಷದ ಗಿರಾಕಿಯಾಗುತ್ತಾನೆ.

ಪುಲ್‌ಮನ್ ಹಿಂದೆಯೂ ಇಂತಹ ದಿನಗಳನ್ನು ಕಂಡಿದೆ. 1970ರಲ್ಲಿ ಹಳೆಯ ಕ್ರೀಡಾಂಗಣಕ್ಕೆ ಬೆಂಕಿ ಬಿದ್ದಾಗ ಪಂದ್ಯಗಳು ಸ್ಪೋಕ್ಯಾನ್ ನಗರಕ್ಕೆ ಹೋದವು. ಹೊಸ ಕ್ರೀಡಾಂಗಣ ತೆರೆದುದು 1972ರಲ್ಲಿ. 2020ರ ಸಾಂಕ್ರಾಮಿಕದ ಋತುವಿನಲ್ಲಿ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ. ಪುಲ್‌ಮನ್‌ನಲ್ಲಿ ನಡೆಯಬೇಕಿದ್ದ ಆಪಲ್ ಕಪ್ ರದ್ದಾಯಿತು. ಎರಡು ಬಾರಿಯೂ ಅಭಿಮಾನಿಗಳು ಮರಳಿ ಬಂದರು. ಈಗ ಪ್ಯಾಕ್-12ನ್ನು ಮತ್ತೆ ಕಟ್ಟುವ ಪ್ರಯತ್ನ ನಡೆದಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಾಯ್ಸಿ ಸ್ಟೇಟ್ ಮೊದಲಾದ ನಾಲ್ಕು ವಿಶ್ವವಿದ್ಯಾಲಯಗಳು 2026ರಿಂದ ಸೇರುವುದಾಗಿ ಪ್ರಕಟಿಸಿದವು. ಬಳಿಕ ಇನ್ನೂ ಕೆಲವು ಮುಂದೆ ಬಂದವು. ಬಾಯ್ಸಿಯಿಂದ ಪುಲ್‌ಮನ್‌ಗೆ ಕಾರಿನಲ್ಲಿ ಬರಬಹುದು. ಆದರೆ ಬೆಂಕಿ, ಕಾಯಿಲೆಗಳ ಬಳಿಕ ಜನ ಮರಳಿದರೆಂದು ಪ್ರತಿ ಸಲವೂ ಮರಳುವರೆಂದು ಭಾವಿಸುವುದು ವ್ಯಾಪಾರದ ಜಾಣತನವಲ್ಲ. ಮಗುವಾಗಿದ್ದಾಗ ಹೆದ್ದಾರಿ 26ರಲ್ಲಿ ಒಮ್ಮೆಯೂ ಪಯಣಿಸದವನು ದೊಡ್ಡವನಾದ ಮೇಲೆ ಆ ದಾರಿ ಹಿಡಿಯುವುದು ಅಪರೂಪ. ಅಭಿಮಾನ ಟಿ.ವಿ.ಯಲ್ಲಿಯೂ ಉಳಿಯಬಲ್ಲದು, ಪ್ರಯಾಣದ ರೂಢಿ ಮಾತ್ರ ಒಂದು ತಲೆಮಾರು ತಪ್ಪಿದರೆ ಕೈಬಿಟ್ಟಂತೆಯೇ. ಆ ರೂಢಿಯನ್ನು ಉಳಿಸಿಕೊಳ್ಳುವ ಹೊಣೆಯಲ್ಲಿ ವಿಶ್ವವಿದ್ಯಾಲಯಕ್ಕೆ ಎಷ್ಟು ಪಾಲಿದೆಯೋ ಊರಿನ ವರ್ತಕನಿಗೂ ಅಷ್ಟೇ ಪಾಲಿದೆ. ಹೊಣೆ ಹೊರುವವನಿಗೆ ತೀರ್ಮಾನದಲ್ಲಿಯೂ ಪಾಲು ಸಲ್ಲಬೇಕಾದುದು ನ್ಯಾಯ.